ಅರ್ಧ ಗಡ್ಡದಲ್ಲಿ ಗೆದ್ದ ಕೇಸು

ಹೋದ ತಿಂಗಳು ಜಯನಗರದ ಮೆಟ್ರೋ ಸ್ಟೇಷನ್ನಿನ ಬಾಗಿಲಲ್ಲಿ ಒಂದು ಪೊಲೀಸ್ ನಾಯಿ ನನ್ನ ಕೈಚೀಲಕ್ಕೆ ಮೂಗಿಟ್ಟಿತು. ಚೀಲದಲ್ಲಿದ್ದದ್ದು ಸೊಗಡಿನ ಅವರೆಕಾಯಿ. ಹಗ್ಗ ಹಿಡಿದಿದ್ದ ಪೊಲೀಸಿನವನು, "ತಾತ, ಒಂದ್ ನಿಮಿಷ ನಿಂತ್ಕೊಳ್ಳಿ, ಚೆಕಿಂಗು" ಅಂದ.

"ಸಿಡಿಯೋದು ಏನೂ ಇಲ್ಲ ಕಣಪ್ಪ. ಸಿಡಿಯೋದೇನಿದ್ರೂ ನಾಳೆ, ನಾನು ಇದರ ಹುಳಿ ತಿಂದ ಮೇಲೆ" ಅಂದೆ.

ಹಿಂದೆ ನಿಂತಿದ್ದ ಹೆಂಗಸರು ನಕ್ಕರು. ಪೊಲೀಸಿನವನು ನಗಲಿಲ್ಲ, ಡ್ಯೂಟಿಯಲ್ಲಿದ್ದ. ನಾಯಿ ಮಾತ್ರ ತಲೆ ಎತ್ತಿ ನನ್ನ ಮುಖ ನೋಡಿ, ಈ ಮುದುಕನಿಂದ ಯಾರಿಗೂ ಅಪಾಯವಿಲ್ಲ ಎಂದು ತೀರ್ಮಾನಿಸಿ ಮುಂದೆ ಹೋಯಿತು. ನನ್ನ ಹಳೆಯ ಚರಿತ್ರೆ ಅದಕ್ಕೆ ಗೊತ್ತಿರಲಿಲ್ಲ, ಪಾಪ. ಅವರೆಯ ಸೊಗಡು, ನಾಯಿಯ ಒದ್ದೆ ಮೂಗು, ಮಾಗಿಯ ಚಳಿ, ಮೂರೂ ಒಟ್ಟಿಗೆ ಸೇರಿದ್ದೇ ತಡ, ನಾನು ಯಡಿಯೂರು ಕೆರೆಯ ಏರಿಯ ಮೇಲೆ ಕೂತಿದ್ದೆ. ಎಡಗೆನ್ನೆ ನುಣ್ಣಗಿತ್ತು. ಬಲಗೆನ್ನೆಯ ತುಂಬ ಸೋಪಿನ ನೊರೆ.

ಅರವತ್ತರ ದಶಕ ಇನ್ನೇನು ಮುಗಿಯುತ್ತಿದ್ದ ಚಳಿಗಾಲ ಅದು. ಆಗ ಜಯನಗರ ಎಂದರೆ ಅರ್ಧ ಹೊಲ, ಅರ್ಧ ಸೈಟು. ರಾಗಿಯ ಕೂಳೆಗಳ ನಡುವೆ ನಂಬರಿನ ಕಲ್ಲು ನೆಟ್ಟಿರುತ್ತಿದ್ದರು. ನಮ್ಮಪ್ಪ ಅವರೆ ಬೆಳೆದ ಸಾಲಿನಲ್ಲಿ ಯಾರದೋ ಬಚ್ಚಲುಮನೆ ಎದ್ದಿತ್ತು. ಹೊಲ ಹೋದ ಮೇಲೆ ನಾನು ಯಡಿಯೂರಿನ ತಿರುವಿನಲ್ಲಿ ಸೈಕಲ್ ಶಾಪ್ ಇಟ್ಟೆ. ಪಂಕ್ಚರ್ ಹಾಕುವುದು ಹೊಟ್ಟೆಪಾಡು, ಕೀಟಲೆ ನನ್ನ ನಿಜವಾದ ಕಸುಬು. ಊರವರು ನನ್ನನ್ನು ಕಿತಾಪತಿ ಕೆಂಪಣ್ಣ ಎಂದೇ ಕರೆಯುತ್ತಿದ್ದರು. ಕೆರೆಗೆ ಮೊಸಳೆ ಬಂದಿದೆ ಎಂದು ನಾನೇ ಹಬ್ಬಿಸಿದ ಸುದ್ದಿಯನ್ನು ಕೆಲವು ದಿನ ಬಿಟ್ಟು ಬಸವನಗುಡಿಯವರೊಬ್ಬರು ನನಗೇ ಗುಟ್ಟಾಗಿ ಹೇಳಿದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನೂ ಒಂದು ವಾರ ನೀರಿಗಿಳಿಯಲಿಲ್ಲ.

ಕೆರೆ ಏರಿಯ ಹೊಂಗೆಮರದ ಕೆಳಗೆ ಒಂದು ಚಪ್ಪಡಿ ಕಲ್ಲು. ಅದು ಕ್ಷೌರದ ಚಿಕ್ಕಣ್ಣನ ಅಂಗಡಿ. ಚಿಕ್ಕಣ್ಣ ನನಗಿಂತ ಹತ್ತು ವರ್ಷ ದೊಡ್ಡವನು, ಬಾಯಿ ತೆರೆದರೆ ಊರಿನ ಸುದ್ದಿಯೆಲ್ಲ ಉದುರಿಸುವವನು. ಅವನ ಹಡಪದಲ್ಲಿ ಇದ್ದದ್ದು ಒಂದು ಕತ್ತಿ, ಒಂದು ಬ್ರಷ್ಷು, ಒಂದು ಪಟಿಕದ ತುಂಡು. ಕೊಂಬೆಯ ಮೇಲೆ ಒಂದು ಟವೆಲ್ಲು. ಅದರ ಮೂಲ ಬಣ್ಣ ಬಿಳಿ ಎಂದು ಅವನು ಹೇಳುತ್ತಿದ್ದ, ನಾನಂತೂ ನೋಡಿದವನಲ್ಲ. ಪಟೇಲರ ಮುಖ, ಹಾಲಿನವರ ಮುಖ, ಹೊಸ ಬಡಾವಣೆಯ ಗುಮಾಸ್ತರ ಮುಖ, ಎಲ್ಲವನ್ನೂ ಒರೆಸುತ್ತಿದ್ದದ್ದು ಅದೇ ಟವೆಲ್ಲು. ಒರೆಸುವುದು, ಕೆರೆಯಲ್ಲಿ ಅದ್ದುವುದು, ಕೊಂಬೆಗೆ ಹರವುವುದು. ಜಾತಿ ನೋಡದೆ ಎಲ್ಲರನ್ನೂ ಮುಟ್ಟುತ್ತಿದ್ದ ಬಟ್ಟೆ ನಮ್ಮೂರಲ್ಲಿ ಅದೊಂದೇ.

ಬಡಾವಣೆಯ ಮೊದಲ ಸಾಲಿನಲ್ಲಿ ರಿಟೈರಾದ ರಾಯರೊಬ್ಬರ ಮನೆ ಇತ್ತು. ಅವರು ತಮ್ಮ ದೊಡ್ಡ ರೇಡಿಯೋವನ್ನು ಕಿಟಕಿಯಲ್ಲಿಟ್ಟು ಸಂಜೆಯ ವಾರ್ತೆಗೆ ಧ್ವನಿ ಏರಿಸುತ್ತಿದ್ದರು. ನಾವೆಲ್ಲ ಕಾಂಪೌಂಡಿನ ಹೊರಗೆ ನಿಂತು ಲೋಕದ ವಿಚಾರ ತಿಳಿಯುತ್ತಿದ್ದೆವು. ಒಂದು ಮಧ್ಯಾಹ್ನ ಮನೆಯವರೆಲ್ಲ ಬನಶಂಕರಿ ಗುಡಿಗೆ ಹೋಗಿದ್ದಾಗ ರೇಡಿಯೋ ಕಾಣೆಯಾಯಿತು. ಹಿತ್ತಲಿನ ಮುಳ್ಳುಬೇಲಿಗೆ ಒಂದು ಕೊಳೆ ಟವೆಲ್ಲು ಸಿಕ್ಕಿಕೊಂಡಿತ್ತು. ರೇಡಿಯೋ ಪೆಟ್ಟಿಗೆಯನ್ನು ಅದರಲ್ಲಿ ಸುತ್ತಿ ಹೊತ್ತವನು ಬೇಲಿ ಹಾರುವಾಗ ಬಿಟ್ಟುಹೋಗಿದ್ದ.

ಮಾರನೆಯ ದಿನ ಬೆಳಿಗ್ಗೆ ಪೊಲೀಸ್ ನಾಯಿ ಬಂತು. ಕಳ್ಳನನ್ನು ಹಿಡಿಯುವ ನಾಯಿಯ ಬಗ್ಗೆ ಪೇಪರಿನಲ್ಲಿ ಓದಿದ್ದೆವೇ ಹೊರತು ಯಾರೂ ಕಂಡಿರಲಿಲ್ಲ. ಜೀಪಿನಿಂದ ಕಿವಿ ನೆಟ್ಟಗೆ ಮಾಡಿಕೊಂಡು ಇಳಿದ ಆ ಅಲ್ಸೇಶಿಯನ್ ಹೆಣ್ಣುನಾಯಿಯ ಹೆಸರು ಜೂಲಿ. ಅದರ ಹಗ್ಗ ಹಿಡಿದವನು ಹನುಮಂತು ಎಂಬ ಪೇದೆ. ಇಬ್ಬರ ಹಿಂದೆ, ನಾಯಿಯನ್ನು ತಾವೇ ಹೆತ್ತವರಂತೆ ಎದೆಯುಬ್ಬಿಸಿ ಬಂದವರು ಇನ್ಸ್‌ಪೆಕ್ಟರ್ ಸಾಹೇಬರು.

ಭೈರವನ ಗುಡಿಯಲ್ಲಿ ದೀಪ ಹಚ್ಚುವ ಪಿಳ್ಳಮ್ಮಜ್ಜಿ ನಾಯಿಯನ್ನು ಕಂಡದ್ದೇ ಆರತಿ ತಟ್ಟೆ ತಂದಳು. ಭೈರವನ ವಾಹನ ನಾಯಿ ತಾನೇ. ಹನುಮಂತು ಬೇಡ ಬೇಡ ಎನ್ನುತ್ತಿದ್ದಂತೆ ಜೂಲಿಯ ಹಣೆಗೆ ಕುಂಕುಮ ಬಿತ್ತು. "ದೇವರೇ ಬಂದವ್ನೆ. ಇನ್ನ ಯಾರಿಗೂ ಸುಳ್ ಹೇಳಕ್ಕಾಗಲ್ಲ" ಎಂದು ಅಜ್ಜಿ ಸಾರಿಬಿಟ್ಟಳು. ಗುಡಿಯಲ್ಲಿ ದೇವರ ಬಲಗಡೆ ಹೂ ಬಿದ್ದರೆ ಹೌದು, ಎಡಗಡೆ ಬಿದ್ದರೆ ಅಲ್ಲ ಎಂದು ನಂಬುವವರು ನಾವು. ನಾಯಿ ಎಲ್ಲಿ ಕೂರುತ್ತದೋ ಅದೇ ಅಪ್ಪಣೆ ಎಂದು ಊರು ಒಪ್ಪಿಕೊಂಡಿತು.

ಈ ಸಂಭ್ರಮವನ್ನು ನಾನು ನೋಡಿದವನಲ್ಲ, ಆಮೇಲೆ ಕೇಳಿದ್ದು. ನಾನು ಆಗ ಚಿಕ್ಕಣ್ಣನ ಕಲ್ಲಿನ ಮೇಲೆ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದೆ. ಎಡಗೆನ್ನೆ ಮುಗಿದಿತ್ತು. ಚಿಕ್ಕಣ್ಣ ಬಲಗೆನ್ನೆಗೆ ನೊರೆ ಬಳಿಯುತ್ತ, "ಎರಡ್ ದಿನ ಆಯ್ತು ಕೆಂಪಣ್ಣ, ಕೊಂಬೆ ಮೇಲಿದ್ದ ನನ್ನ ಟವೆಲ್ಲು ಯಾವನೋ ಹೊಡ್ಕೊಂಡ್ ಹೋದ. ನೀನೇನಾದ್ರೂ ಆಟ ಆಡ್ತಿದ್ರೆ ಕೊಟ್ಬಿಡು" ಅನ್ನುತ್ತಿದ್ದ.

"ಅದನ್ನ ಕದಿಯೋಕೆ ನಂಗೇನು ಹುಚ್ಚಾ? ಮುಟ್ಟಿದ್ರೆ ಕೈ ತೊಳೀಬೇಕು" ಅಂದೆ.

ಆಗ ಏರಿಯ ಮೇಲೆ ಗದ್ದಲ ಕೇಳಿಸಿತು. ಜೂಲಿ ಮೂಗನ್ನು ನೆಲಕ್ಕೆ ಹಚ್ಚಿಕೊಂಡು ಮುಂದೆ, ಹನುಮಂತು ಎಳೆಸಿಕೊಂಡು ಹಿಂದೆ, ಅವರ ಹಿಂದೆ ಇಡೀ ಊರು. ನಾಯಿ ನೇರ ಹೊಂಗೆಮರಕ್ಕೆ ಬಂತು. ಕಲ್ಲನ್ನು ಸುತ್ತಿತು. ನನ್ನ ಮೊಣಕಾಲು ಮೂಸಿತು, ಚಿಕ್ಕಣ್ಣನ ಪಂಚೆ ಮೂಸಿತು. ಆಮೇಲೆ ನಮ್ಮಿಬ್ಬರ ಎದುರಿಗೆ, ಸರಿಯಾಗಿ ನಡುವೆ, ಕೂತುಬಿಟ್ಟಿತು.

ಜನ ಅರೆಗಳಿಗೆಯೂ ಯೋಚಿಸಲಿಲ್ಲ. ಎಲ್ಲರ ಕಣ್ಣೂ ಚಿಕ್ಕಣ್ಣನ ಮೇಲೆ ಹೋಯಿತು.

"ಭೈರವ ತೋರಿಸ್ಬಿಟ್ಟ" ಅಂದಳು ಪಿಳ್ಳಮ್ಮಜ್ಜಿ.

ಇನ್ಸ್‌ಪೆಕ್ಟರು ಟವೆಲ್ಲನ್ನು ಎತ್ತಿ ಹಿಡಿದರು. "ಯಾರದಯ್ಯಾ ಇದು?"

"ನಂದೇ ಸಾಮಿ. ಕಳೆದುಹೋಗಿತ್ತು" ಎಂದು ಚಿಕ್ಕಣ್ಣ ಸಂತೋಷದಿಂದ ಕೈ ಚಾಚಿದ.

"ನೋಡಿದ್ರಾ, ಒಪ್ಕೊಂಡ" ಅಂದರು ಸಾಹೇಬರು. ಚಾಚಿದ ಕೈಗೇ ಬೇಡಿ ಬಿತ್ತು.

ನಾನು ಎದ್ದು ನಿಂತು, "ಸಾರ್, ನಾಯಿ ನನ್ನ ಮುಂದೂ ಕೂತಿದೆ" ಅಂದೆ. ಜನ ನಕ್ಕರು. ಕೆಂಪಣ್ಣನ ಕಿತಾಪತಿ ಶುರುವಾಯಿತು ಅಂದುಕೊಂಡರು. ಅದೊಂದು ಸಲ ನಾನು ನಿಜ ಹೇಳಿದ್ದೆ, ಅದೊಂದನ್ನೇ ಯಾರೂ ನಂಬಲಿಲ್ಲ. ಹೊಲವಿದ್ದ ಮನೆಯ ಮಗ ನಾನು. ಅವನು ಕ್ಷೌರದವನು. ಇಬ್ಬರಲ್ಲಿ ಯಾರು ಕಳ್ಳ ಎಂಬುದನ್ನು ನಾಯಿ ಹೇಳಿರಲಿಲ್ಲ, ಅದನ್ನು ಊರೇ ಹೇಳಿತು. ನನ್ನನ್ನು ಬೆಂಕಿಯ ಹಾಗೆ ಸುಟ್ಟದ್ದು ಅದು.

ಸಾಹೇಬರು ರಾಯರ ಮನೆಗೆ ಉಪ್ಪಿಟ್ಟು ಕಾಫಿಗೆ ಹೋದರು. ಚಿಕ್ಕಣ್ಣನನ್ನು ಮರಕ್ಕೆ ಒರಗಿಸಿ ಕೂರಿಸಿದ್ದರು. ತಿಂಡಿ ಮುಗಿದ ಮೇಲೆ ಜೀಪಿಗೆ ಹತ್ತಿಸುವುದಿತ್ತು. ಹನುಮಂತು ಕೆರೆಯ ಅಂಚಿನಲ್ಲಿ ಜೂಲಿಗೆ ನೀರು ಕುಡಿಸುತ್ತ ಅದರ ಹಣೆಯ ಕುಂಕುಮ ಒರೆಸುತ್ತಿದ್ದ. ನಾನು ಪಕ್ಕದಲ್ಲಿ ಕೂತೆ.

"ಏನ್ ಗುರು, ನಿನ್ನ ನಾಯಿಗೆ ಕಳ್ಳ ಅಂದ್ರೆ ಗೊತ್ತಾ?"

ಅವನು ನನ್ನ ಅರ್ಧ ಗಡ್ಡ ನೋಡಿ ನಕ್ಕ. "ಇವಳಿಗೆ ವಾಸನೆ ಗೊತ್ತು ಅಣ್ಣ, ಅಷ್ಟೆ. ಈ ಬಟ್ಟೆ ವಾಸನೆ ಎಲ್ಲಿದೆ ಅಂತ ಕೇಳ್ದೆ, ಇಲ್ಲಿದೆ ಅಂದ್ಲು. ಕಳ್ಳತನ, ಬೇಡಿ, ಜೈಲು ಇವೆಲ್ಲ ನಮ್ಮ ತಲೆನೋವು. ಇವಳಿಗೆ ಬೇಕಾಗಿರೋದು ನಾನು ಬೆನ್ನು ತಟ್ಟೋದು."

"ಹಾಗಂತ ನಿಮ್ಮ ಸಾಹೇಬ್ರಿಗೆ ಹೇಳು."

"ಹೇಳ್ದೆ. ಇದು ಬರೀ ಸುಳಿವು ಸಾರ್, ಸಾಕ್ಷಿ ಅಲ್ಲ ಅಂದೆ. ನಾಯಿ ನೋಡ್ಕೊಳ್ಳೋನು ನಾಯಿ ನೋಡ್ಕೋ ಅಂದ್ರು." ಅವನ ದನಿ ತಗ್ಗಿತು. "ಸ್ಟೇಷನ್ ಮೆಟ್ಟಿಲು ಹತ್ತಿದ್ರೆ ಮುಗೀತು ಅಣ್ಣ. ಸಾಯಂಕಾಲದೊಳಗೆ ಅವನು ಕದ್ದಿದ್ದೂ ಹೌದು, ಮಾರಿದ್ದೂ ಹೌದು ಅಂತಾನೆ. ಅನ್ನಿಸ್ತಾರೆ. ಅಂಥದ್ದಕ್ಕೆ ಇವಳ ಹೆಸರು ಬಳಸ್ತಾರಲ್ಲ, ಅದೇ ನಂಗೆ ಸಂಕಟ. ಕೋರ್ಟಲ್ಲಿ ಒಬ್ಬ ಮನುಷ್ಯನ್ನಾದ್ರೆ ತಿರುಗಿಸಿ ಕೇಳಬಹುದು. ಇವಳನ್ನ ಏನಂತ ಕೇಳ್ತಾರೆ?"

"ಕೇಳೋಣ" ಅಂದೆ. "ಇನ್ನೊಂದ್ ಸಲ ಕೇಳೋಣ."

ಆ ಕ್ಷಣದಲ್ಲಿ ನನ್ನ ತಲೆಯೊಳಗೆ ಬೆಳಗಿದ ದೀಪವನ್ನು ನೆನೆದರೆ ಈಗಲೂ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತೇನೆ. ಕೈಗೆಟುಕುವ ಮಟ್ಟಿಗೆ.

ಸೈಕಲ್ ಹತ್ತಿ ಗಾಂಧಿಬಜಾರಿಗೆ ಹೊಡೆದೆ. ಅಲ್ಲಿ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಗೆಳೆಯ ಕಿಟ್ಟಿಯನ್ನು ಕ್ಯಾಮರಾ ಸಮೇತ ಹಿಂದೆ ಕೂರಿಸಿಕೊಂಡೆ. "ಫಿಲಂ ರೋಲ್ ಇಲ್ಲ ಮಗಾ ಇದ್ರಲ್ಲಿ" ಎಂದು ಅವನು ದಾರಿಯುದ್ದಕ್ಕೂ ಗೋಗರೆದ. "ರೋಲ್ ಯಾರಿಗೆ ಬೇಕು, ಕ್ಯಾಮರಾ ಕಂಡ್ರೆ ಸಾಕು" ಅಂದೆ. ನಾವು ರಾಯರ ಮನೆ ಮುಟ್ಟುವಾಗ ಸಾಹೇಬರು ಎರಡನೇ ಲೋಟ ಕಾಫಿಯಲ್ಲಿದ್ದರು.

"ಸಾರ್, ಪೇಪರಿನವರು ಬಂದಿದ್ದಾರೆ" ಅಂದೆ. "ಇಂಥ ನಾಯಿ, ಇಂಥ ಆಫೀಸರು. ಫೋಟೋ ಹಾಕ್ತಾರಂತೆ. ನಾಯಿ ಕಳ್ಳನ್ನ ಹಿಡಿಯೋದನ್ನ ಇನ್ನೊಂದ್ ಸಲ ಮಾಡಿಸಿದ್ರೆ, ನೀವು ಮಧ್ಯದಲ್ಲಿ ಕುರ್ಚಿ ಹಾಕಿ ಕೂತಿದ್ರೆ, ಸಖತ್ತಾಗಿರತ್ತೆ."

ಸಾಹೇಬರ ಕೈ ತಾನಾಗಿ ಮೀಸೆಗೆ ಹೋಯಿತು. ಅಲ್ಲಿಂದ ಕೆನ್ನೆಗೆ ಇಳಿಯಿತು. ರೌಂಡ್ಸ್ ಮುಗಿಸಿ ನೇರ ಬಂದಿದ್ದರು, ಗಡ್ಡ ಮುಳ್ಳುಮುಳ್ಳಾಗಿತ್ತು. ನಾನು ಅದನ್ನು ಮೊದಲೇ ನೋಡಿಟ್ಟುಕೊಂಡಿದ್ದೆ.

"ಶೇವ್ ಆಗಿಲ್ಲವಲ್ಲಯ್ಯ" ಅಂದರು.

"ಕೈಯಲ್ಲೇ ಇದಾನಲ್ಲ ಸಾರ್ ಚಿಕ್ಕಣ್ಣ."

"ಕಳ್ಳನ ಕೈಗೆ ಕತ್ತಿ ಕೊಡ್ಲಾ?"

"ಹೌದು ಹೌದು, ಭಯ ಆಗೋದು ಸಹಜ ಬಿಡಿ" ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಸಾಹೇಬರು ದಡದಡನೆ ಏರಿಗೆ ನಡೆದು ಕಲ್ಲಿನ ಮೇಲೆ ಕೂತರು. ಚಿಕ್ಕಣ್ಣನ ಬೇಡಿ ಬಿಚ್ಚಿಸಿದರು. ನಾನು ಊರವರ ಕಡೆ ತಿರುಗಿ, "ಫೋಟೋಗೆ ನಿಲ್ಲೋರೆಲ್ಲ ಹೆಗಲ ಮೇಲಿನ ಟವೆಲ್ ಕೊಡಿ. ಸಾಹೇಬ್ರ ಮುಂದೆ ಹೆಗಲಿಗೆ ಹಾಕ್ಕೊಂಡು ನಿಲ್ಲಬಾರದು" ಅಂದೆ. ದೊಡ್ಡವರ ಮುಂದೆ ಹೆಗಲಿನ ಬಟ್ಟೆ ಇಳಿಸುವುದು ನಮ್ಮ ಕಡೆ ಮರ್ಯಾದೆ. ಯಾರೂ ತಕರಾರು ಮಾಡಲಿಲ್ಲ. ಯಡಿಯೂರಿನ ಅಷ್ಟೂ ಟವೆಲ್ಲನ್ನು ಗಂಟು ಕಟ್ಟಿ ನನ್ನ ಶಾಪಿನೊಳಗೆ ಎಸೆದು ಬೀಗ ಹಾಕಿದೆ. ಬರುವಾಗ ಚಿಕ್ಕಣ್ಣನ ಕಿವಿಯಲ್ಲಿ ಒಂದೇ ಮಾತು ಹೇಳಿದೆ: "ನೊರೆ ಧಾರಾಳವಾಗಿ ಹಾಕು. ಕಣ್ಣಿನ ತನಕ ಹೋದ್ರೂ ಚಿಂತೆ ಇಲ್ಲ."

ಚಿಕ್ಕಣ್ಣ ನನ್ನನ್ನು ನೋಡಿದ. ಕತ್ತಿಯನ್ನು ಅಂಗೈಗೆ ಎರಡು ಸಲ ಮಸೆದು ಕೆಲಸಕ್ಕಿಳಿದ. ಅವನು ಅಂದು ಹೆರೆದ ಗಡ್ಡದಷ್ಟು ಚೆಂದದ ಕೆಲಸವನ್ನು ನಾನು ಮತ್ತೆ ಕಂಡಿಲ್ಲ. ಒಂದು ಗೀರಿಲ್ಲ, ಒಂದು ಕೂದಲು ಉಳಿಯಲಿಲ್ಲ. ಕೊನೆಗೊಮ್ಮೆ ಬ್ರಷ್ಷನ್ನು ಹಣೆಯವರೆಗೂ ಆಡಿಸಿದ, ಯಾವ ಶಾಸ್ತ್ರದಲ್ಲಿಯೋ ಕಾಣೆ. ಸಾಹೇಬರ ಎರಡೂ ಕಣ್ಣಿಗೆ ಸೋಪು ಇಳಿಯಿತು.

"ಅಯ್ಯೋ, ಬಟ್ಟೆ ಕೊಡ್ರೋ ಯಾರಾದ್ರೂ."

"ಇದ್ದದ್ದೊಂದು ಟವೆಲ್ಲು ಸಾಮಿ, ಅದು ತಮ್ಮ ಹತ್ರಾನೇ ಅದೆ" ಅಂದ ಚಿಕ್ಕಣ್ಣ, ಬಹಳ ವಿನಯದಿಂದ.

ಹನುಮಂತು ಪೇಪರಿನಲ್ಲಿ ಸುತ್ತಿದ್ದ ಟವೆಲ್ಲನ್ನು ಎದೆಗೆ ಒತ್ತಿಕೊಂಡ. "ಸಾರ್, ಇದು ಕೇಸಿನ ಮಾಲು..."

"ಕಣ್ಣು ಉರೀತಿದೆ ಕಣಯ್ಯಾ, ಕೊಡು ಅಂದ್ರೆ" ಎಂದು ಸಾಹೇಬರು ಕುರುಡರಂತೆ ಕೈಯಾಡಿಸಿ ಅದನ್ನು ಕಿತ್ತುಕೊಂಡರು. ಕಣ್ಣು ಒರೆಸಿದರು, ಕೆನ್ನೆ ಒರೆಸಿದರು, ಕುತ್ತಿಗೆ, ಕಿವಿಯ ಹಿಂದೆ, ಎಲ್ಲ ತೃಪ್ತಿಯಾಗಿ ತಿಕ್ಕಿದರು. ನಾನು ಕೈ ಕಟ್ಟಿ ನೋಡುತ್ತ ನಿಂತೆ. ಟವೆಲ್ಲನ್ನು ನಾನು ಮುಟ್ಟಿಯೇ ಇಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಆಮೇಲೆ ಊರನ್ನು ಸಾಲಾಗಿ ನಿಲ್ಲಿಸಿದೆವು. ನಡುವೆ ಕುರ್ಚಿ, ಕುರ್ಚಿಯಲ್ಲಿ ಸಾಹೇಬರು, ಕೆನ್ನೆ ಹೊಳೆಯುತ್ತಿತ್ತು. ಸಾಲಿನ ಈ ತುದಿಯಲ್ಲಿ ಚಿಕ್ಕಣ್ಣ, ಅವನ ಪಕ್ಕದಲ್ಲಿ ಅರ್ಧ ಗಡ್ಡದ ನಾನು. ಕಿಟ್ಟಿ ಖಾಲಿ ಕ್ಯಾಮರಾಕ್ಕೆ ಕಣ್ಣಿಟ್ಟು ಬಹಳ ಗಂಭೀರವಾಗಿ ಬೆಳಕು ಅಳೆದ. ಹನುಮಂತು ಟವೆಲ್ಲನ್ನು ಜೂಲಿಯ ಮೂಗಿಗೆ ಹಿಡಿದು, "ಹುಡುಕಮ್ಮ" ಅಂದ.

ಜೂಲಿ ಚಿಕ್ಕಣ್ಣನ ಬಳಿ ಬಂತು. ನಿಂತಿತು. ಅಲ್ಲಿ ಅದು ಕೂತಿದ್ದರೆ ನನ್ನ ಬುದ್ಧಿವಂತಿಕೆಯೆಲ್ಲ ಕೆರೆಯ ಪಾಲು, ಚಿಕ್ಕಣ್ಣ ಜೀಪಿನ ಪಾಲು. ಚಿಕ್ಕಣ್ಣ ಕಣ್ಣು ಮುಚ್ಚಿಕೊಂಡ. ನಾಯಿ ಅವನ ಬೆರಳನ್ನು ಒಮ್ಮೆ ನೆಕ್ಕಿ ಮುಂದೆ ಹೊರಟಿತು. ನನ್ನನ್ನು ದಾಟಿತು. ಪಟೇಲರನ್ನು ದಾಟಿತು. ಹಗ್ಗ ಬಿಗಿಯಿತು. ಕುರ್ಚಿಯ ಮುಂದೆ ನಿಂತು, ಮುಂಗಾಲುಗಳನ್ನು ಸಾಹೇಬರ ತೊಡೆಯ ಮೇಲಿಟ್ಟು, ಅವರ ನುಣುಪು ಕೆನ್ನೆಯನ್ನು ಚೆನ್ನಾಗಿ ಮೂಸಿ ನೋಡಿ, ಕೆಳಗಿಳಿದು, ಅವರೆದುರು ಕೂತಿತು. ಕೂತು ಒಮ್ಮೆ ಬೊಗಳಿತು, ಯಾರಿಗೂ ಅನುಮಾನ ಉಳಿಯಬಾರದು ಎಂಬಂತೆ.

ಕಿಟ್ಟಿ ಕ್ಲಿಕ್ ಅನ್ನಿಸಿದ.

ಪಿಳ್ಳಮ್ಮಜ್ಜಿ ಆರತಿ ತಟ್ಟೆ ಹಿಡಿದು ನಿಧಾನವಾಗಿ ಕುರ್ಚಿಯ ಹತ್ತಿರ ಹೋದಳು. ಸಾಹೇಬರ ಮುಖವನ್ನೇ ದಿಟ್ಟಿಸಿದಳು.

"ಭೈರವ ತೋರಿಸ್ಬಿಟ್ಟ ಕಣಪ್ಪ. ಓದ್ದೋನು, ಕೆಲಸದಲ್ಲಿರೋನು. ಯಾಕಪ್ಪ ನಿಂಗೆ ಈ ಬುದ್ಧಿ? ರೇಡಿಯೋ ಎಲ್ಲಿಟ್ಟಿದೀಯ ಹೇಳ್ಬಿಡು."

ನಗು ಎಲ್ಲಿಂದ ಒಡೆಯಿತೋ ತಿಳಿಯದು. ಪಟೇಲರು ಹೊಟ್ಟೆ ಹಿಡಿದುಕೊಂಡು ಏರಿಯ ಮೇಲೇ ಕೂತರು. ಸಾಹೇಬರು ಕೆಂಡವಾಗಿ ಎದ್ದು, "ಕೆಲಸಕ್ಕೆ ಬಾರದ ನಾಯಿ" ಎಂದು ಬೆತ್ತ ಎತ್ತಿದರು. ಹನುಮಂತು ಜೂಲಿಯ ಮುಂದೆ ಮಂಡಿಯೂರಿ ಅದನ್ನು ತಬ್ಬಿಕೊಂಡ.

"ಹೊಡೆಯೋದಾದ್ರೆ ನಂಗೆ ಹೊಡೀರಿ ಸಾರ್. ಇವಳು ತಪ್ಪು ಮಾಡಿಲ್ಲ."

ನಗು ನಿಂತಿತು. ಈಗ ನನ್ನ ಸರದಿ. "ಹನುಮಂತು ಹೇಳಿದ್ದು ಸರಿ ಸಾರ್. ಈಗ ತಾನೇ ಇದೇ ಟವೆಲ್ಲಲ್ಲಿ ಮುಖ ಒರೆಸ್ಕೊಂಡೋರು ನೀವು, ಎಲ್ಲರಿಗಿಂತ ಹೊಸ ವಾಸನೆ ನಿಮ್ಮದೇ. ಅದನ್ನೇ ಅವಳು ಹೇಳಿದ್ದು. ನೀವು ಕಳ್ಳ ಅಂತ ಹೇಳಿಲ್ಲ. ಬೆಳಿಗ್ಗೆ ಚಿಕ್ಕಣ್ಣನ್ನೂ ಕಳ್ಳ ಅಂದಿರಲಿಲ್ಲ. ಆ ಮಾತು ನಾವು ಸೇರಿಸಿದ್ದು. ಈಗ ನಾಯಿ ನಂಬಿ ಚಿಕ್ಕಣ್ಣನ್ನ ಒಳಗೆ ಹಾಕೋದಾದ್ರೆ, ನೀವೂ ಜೊತೆಗೆ ಹೋಗ್ಬೇಕಾಗತ್ತೆ."

ರಾಯರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು. "ಇನ್ಸ್‌ಪೆಕ್ಟರೇ, ಭಾನುವಾರ ನನ್ನ ಮುಖಾನೂ ಒರೆಸಿದ್ದು ಇದೇ ಟವೆಲ್ಲು. ನನ್ನ ರೇಡಿಯೋ ನಾನೇ ಕದ್ದೆ ಅಂತ ಬರ್ಕೊಳ್ತೀರಾ? ಚಿಕ್ಕಣ್ಣನ್ನ ಬಿಟ್ಬಿಡಿ. ಸುಮ್ನೆ ನಾಲ್ಕು ಕಡೆ ವಿಚಾರಿಸಿ, ಹಳೇ ಕಾಲದವರ ಹಾಗೆ."

ಸಾಹೇಬರ ಬೆತ್ತ ಇಳಿಯಿತು. ಅವರು ಕೆಟ್ಟವರಲ್ಲ, ಅವಸರದವರು. ನಾಯಿ ಬಂದ ಮೇಲೆ ತಾವು ತಲೆ ಉಪಯೋಗಿಸಬೇಕಾಗಿಲ್ಲ ಎಂದುಕೊಂಡಿದ್ದರು. ಊರೂ ಹಾಗೆಯೇ ಅಂದುಕೊಂಡಿತ್ತಲ್ಲ. ಆ ಮೂಕಪ್ರಾಣಿಯನ್ನು ದೇವರು ಮಾಡಿದವರೂ ನಾವೇ, ಅದರ ಹೆಸರಿನಲ್ಲಿ ನಮಗೆ ಅಗ್ಗವಾಗಿ ಸಿಕ್ಕವನ ಕಡೆ ಬೆರಳು ತೋರಿಸಿದವರೂ ನಾವೇ. ನಾಯಿಯಿಂದ ಕೆಲಸ ತೆಗೆದುಕೊಳ್ಳುವುದು ತಪ್ಪೆಂದು ನಾನು ಯಾವತ್ತೂ ಹೇಳಿಲ್ಲ. ಮೂಗಿನ ಕೆಲಸ ಅದಕ್ಕೆ ಕೊಡಿ. ತೀರ್ಪಿನ ಕೆಲಸ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಮೆಟ್ರೋ ಸ್ಟೇಷನ್ನಿನ ಪೊಲೀಸಿನವನಿಗೂ ಇದನ್ನೇ ಹೇಳಿದೆ. "ಆಯ್ತು ತಾತ, ಮುಂದೆ ಹೋಗಿ, ಹಿಂದೆ ಕ್ಯೂ ಇದೆ" ಅಂದ.

ರೇಡಿಯೋ ಏನಾಯಿತು ಎಂದು ಕೇಳುವವರಿದ್ದೀರಿ. ಸಾಹೇಬರು ಆ ವಾರ ನಿಜವಾಗಿಯೂ ಕಾಲು ಸವೆಸಿದರು. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಅದು ಸಿಕ್ಕಿತು. ಕೊಟ್ಟವನು ರಾಯರ ಸ್ವಂತ ಭಾಮೈದ. ಅಂದು ಬೆಳಿಗ್ಗೆ ಚಿಕ್ಕಣ್ಣನ ಕಡೆ ಕಣ್ಣು ತಿರುಗಿಸಿದ ಗುಂಪಿನಲ್ಲಿ ಅವನೂ ಇದ್ದ, ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟುಕೊಂಡು. ಅವನ ಮೇಲೆ ಊರಿನ ಒಂದು ಕಣ್ಣೂ ಬಿದ್ದಿರಲಿಲ್ಲ. ಸಂಜೆಯ ವಾರ್ತೆ ಮತ್ತೆ ಶುರುವಾಯಿತು. ರಾಯರು ಕಾಂಪೌಂಡಿನೊಳಗೆ ಒಂದು ಬೆಂಚು ಹಾಕಿಸಿ ಚಿಕ್ಕಣ್ಣನನ್ನು ಕರೆದು ಅದರ ಮೇಲೆ ಕೂರಿಸಿದರು. ಆ ಅವರೆಕಾಲ ಮುಗಿಯುವವರೆಗೆ ರಜೆಯಿದ್ದ ದಿನ ಹನುಮಂತು ಜೂಲಿಯನ್ನು ಕರೆದುಕೊಂಡು ಏರಿಗೆ ಬರುತ್ತಿದ್ದ. ಪಿಳ್ಳಮ್ಮಜ್ಜಿ ಆರತಿ ಬಿಟ್ಟು ಅದಕ್ಕೆ ಮುದ್ದೆ ಹಾಕುತ್ತಿದ್ದಳು. ಜೂಲಿಗೆ ಆರತಿಗಿಂತ ಅದೇ ಹೆಚ್ಚು ಹಿಡಿಸಿತು.

ಆದರೆ ಅಂದಿನ ಆ ಬೆಳಗಿನ ಕೊನೆ ಇನ್ನೂ ಹೇಳಿಲ್ಲ. ಜನ ಚದುರುತ್ತಿದ್ದರು. ಜೀಪು ಸ್ಟಾರ್ಟ್ ಆಗಿತ್ತು. ಚಿಕ್ಕಣ್ಣ ಕಲ್ಲನ್ನು ನೀರು ಹಾಕಿ ತೊಳೆದು, ಕತ್ತಿ ಮಸೆದು, ನನ್ನ ಕಡೆ ನೋಡಿದ.

"ಬಾರಪ್ಪ ಲಾಯರ್ ಸಾಹೇಬ. ಇನ್ನರ್ಧ ಮುಗಿಸ್ತೀನಿ. ಹಿಂಗೇ ಹೋದ್ರೆ ನಿನ್ ಹೆಂಡ್ತಿ ಒಳಗೆ ಸೇರಿಸಲ್ಲ."

ನಾನು ಕೂತೆ. ಅವನು ನೊರೆ ಬಳಿದ, ಹೆರೆದ, ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದ. ಅಭ್ಯಾಸಬಲದಿಂದ ಕೈಯನ್ನು ಕೊಂಬೆಯ ಕಡೆ ಚಾಚಿದ. ಕೊಂಬೆ ಬರಿದಾಗಿತ್ತು.

ಜೀಪಿನ ಬಾಗಿಲು ತೆರೆದುಕೊಂಡಿತು. ಸಾಹೇಬರು ಇಳಿದು ಬಂದು, ಯಾರ ಮುಖವನ್ನೂ ನೋಡದೆ, ಟವೆಲ್ಲನ್ನು ಚಿಕ್ಕಣ್ಣನ ಕೈಗೆ ಕೊಟ್ಟರು.

"ತಗೋ. ನಿಂದೇ ಅಲ್ವಾ."

"ಒಗೆದು ಕೊಡಬೇಕಿತ್ತು ಸಾರ್" ಅಂದೆ ನಾನು.

ಚಿಕ್ಕಣ್ಣ ಅದನ್ನು ಎರಡೂ ಕೈಯಲ್ಲಿ ಕೊಡವಿ, ಇಡೀ ಊರು ನೋಡುವ ಹಾಗೆ ಬಿಡಿಸಿ, ನನ್ನ ಮುಖ ಒರೆಸಿದ. ಅಷ್ಟು ಕೊಳೆಯಾದ ಬಟ್ಟೆಯಲ್ಲಿ ಅಷ್ಟು ಸ್ವಚ್ಛವಾದದ್ದು ನಾನು ಅದೊಂದೇ ಸಲ.